ದೊಡ್ಡಸ್ವಾಮಿಯವರ ಚಿಕ್ಕ ಕರ್ತವ್ಯಗಳು

ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ನಮ್ಮ ದೇವಾಲಯವನ್ನು ಕಟ್ಟಿ ಬೆಳೆಸಿದವರನ್ನು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಅವರಿಗೂ ಬಹು ಹಿಂದೆ ಮೈಸೂರು ಸೀಮೆಯಲ್ಲಿ ವಿಶ್ವಾಸದ ದೀಪ ನಂದದಂತೆ ಕಾಯ್ದವರಲ್ಲಿ ಒಬ್ಬರಾದ ಅಬ್ಬೆ ಡುಬಾಯ್ ಸ್ವಾಮಿಗಳ ಜೀವನವನ್ನು ಭಕ್ತಾದಿಗಳ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಫ್ರಾನ್ಸಿನ ಆರ್ದೇಶ್ ಪ್ರಾಂತದ ಹಳ್ಳಿಯೊಂದರಲ್ಲಿ ಜನಿಸಿದ ಅವರು 1792ರಲ್ಲಿ ಗುರುಪಟ್ಟ ಪಡೆದು, ಅದೇ ವರ್ಷ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯ ಮೂಲಕ ಭಾರತಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ, ಟಿಪ್ಪು ಸುಲ್ತಾನರ ಕಾಲದಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸುವ ಹೊಣೆ ಅವರ ಹೆಗಲೇರಿತು. ಕೊಳ್ಳೇಗಾಲವು ಕಂಪನಿ ಸರ್ಕಾರದ ಕೊಯಮತ್ತೂರು ಜಿಲ್ಲೆಗೆ ಸೇರಿದ, ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾದ ಕಾಲವದು. ಸ್ವಾಮಿಗಳು ಈ ನಾಡಿನ ಉಡುಗೆಯನ್ನೇ ತೊಟ್ಟು, ಇಲ್ಲಿನ ರೀತಿನೀತಿಗಳನ್ನು ಅನುಸರಿಸಿ ಬಾಳಿದರು. ಜನರು ಅವರನ್ನು ದೊಡ್ಡಸ್ವಾಮಿಯವರೆಂದು ಕರೆದರು. ಹಾಸನದ ಸಮೀಪದ ಸಾತಳ್ಳಿಯಲ್ಲಿ ಬಡ ಕ್ರೈಸ್ತರನ್ನು ನೆಲೆಗೊಳಿಸಿ ಬೇಸಾಯಕ್ಕೆ ಹಚ್ಚಿದರು.

ಆಗ ಸಿಡುಬು ಮನೆಮನೆಗಳನ್ನು ಬರಿದುಮಾಡುತ್ತಿತ್ತು. 1802ರಲ್ಲಿ ಭಾರತಕ್ಕೆ ಬಂದಿದ್ದ ದೇವಿ ಹಾಕುವ ಹೊಸ ಪದ್ಧತಿಯನ್ನು ಸ್ವಾಮಿಗಳು ಕೈಗೊಂಡು, 1803–04ರಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಅದು ದೊರಕುವಂತೆ ಮಾಡಿದರು. ಅಂದು ಲಸಿಕೆಯನ್ನು ಕಾಪಿಡುವ ಶೀತಲ ಪೆಟ್ಟಿಗೆಗಳಿರಲಿಲ್ಲ. ಒಬ್ಬರ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಸುಮಾರು ಎಂಟನೆಯ ದಿನ ತೆಗೆದು ಮತ್ತೊಬ್ಬರ ತೋಳಿಗೆ ಹಾಕಬೇಕಾಗಿತ್ತು. ಹೊತ್ತು ತಪ್ಪಿದರೆ ಸರಪಣಿಯೇ ಕಡಿದುಹೋಗುತ್ತಿತ್ತು. ಹೊಗಳುವವರಿಲ್ಲದ ಆ ಕೆಲಸದಲ್ಲಿ ಒಂದು ದಿನದ ಅಲಕ್ಷ್ಯವೂ ಪ್ರಾಣಹಾನಿಗೆ ಎಡೆಯಾಗಬಹುದಾಗಿತ್ತು.

ಲೋಕವು ಅವರನ್ನು ಬಲ್ಲುದು ಮತ್ತೊಂದು ಕಾರಣದಿಂದ. ಹಿಂದೂ ಜನರ ಆಚಾರ ವ್ಯವಹಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಕಂಪನಿಯು ಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಆ ಗ್ರಂಥದ ಬಹುಭಾಗಕ್ಕೆ ಯೇಸುಸಭೆಯ ಕೂರ್ದೂ ಸ್ವಾಮಿಗಳ ಹಳೆಯ ಬರಹವೇ ಆಧಾರವೆಂದು ವಿದ್ವಾಂಸರು ಈಗ ತೋರಿಸಿಕೊಟ್ಟಿದ್ದಾರೆ. ಕೀರ್ತಿ ತಂದ ಗ್ರಂಥದಲ್ಲಿ ಪರರ ಪಾಲಿದೆ. ಕೀರ್ತಿ ತಾರದ ದುಡಿಮೆಯಾದರೋ ಅವರದೇ.

ಆ ದುಡಿಮೆಯ ಫಲವನ್ನು ಅವರು ಕಾಣಲಿಲ್ಲ. 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ, ಭಾರತದಲ್ಲಿ ಕ್ರೈಸ್ತ ಧರ್ಮ ಬೆಳೆಯುವ ಭರವಸೆ ತಮಗಿಲ್ಲವೆಂಬ ನೋವನ್ನು ತೋಡಿಕೊಂಡಿದ್ದಾರೆ. ಅಂಥ ನಿರಾಶೆಯ ನಡುವೆಯೂ ಮೂವತ್ತು ವರ್ಷಗಳ ಕಾಲ ಮಂದೆಯನ್ನು ತೊರೆಯದಿದ್ದುದೇ ಅವರ ಹಿರಿಮೆ. 1823ರಲ್ಲಿ ಸ್ವದೇಶಕ್ಕೆ ಮರಳಿ, ತಮ್ಮ ಸಂಸ್ಥೆಯ ಶ್ರೇಷ್ಠಾಧಿಕಾರಿಯಾಗಿ ಸೇವೆ ಸಲ್ಲಿಸಿ, 1848ರಲ್ಲಿ ಪ್ಯಾರಿಸ್ಸಿನಲ್ಲಿ ದೈವಾಧೀನರಾದರು. ಎರಡೇ ವರ್ಷಗಳಲ್ಲಿ, 1850ರಲ್ಲಿ, ಮೈಸೂರು ಪ್ರತ್ಯೇಕ ಅಪೋಸ್ತಲಿಕ ವಿಕಾರಿಯೇಟ್ ಆಯಿತು.

ನಮ್ಮ ಸೀಮೆಯ ರೇಷ್ಮೆ ಸಾಕುವ ಮನೆಗಳಲ್ಲಿ ಎಲ್ಲರೂ ಮಲಗಿದ ಮೇಲೂ ತಾಯಿಯೊಬ್ಬಳು ಎದ್ದು ಹುಳುಗಳಿಗೆ ಸೊಪ್ಪು ಹಾಕುತ್ತಾಳೆ. ಮದುವೆಯ ಚಪ್ಪರದಲ್ಲಿ ರೇಷ್ಮೆ ಸೀರೆಯನ್ನು ಮೆಚ್ಚುವವರು ಆಕೆಯನ್ನು ನೆನೆಯುವುದಿಲ್ಲ. ಮುಪ್ಪಾದ ಅತ್ತೆಗೆ ಗಂಜಿ ಕುಡಿಸುವ ಸೊಸೆ, ದೇವಾಲಯದ ಅಂಗಳ ಗುಡಿಸುವ ಕೈಗಳು, ಕೊಳ್ಳೇಗಾಲ, ಹನೂರು, ಯಳಂದೂರುಗಳ ಹಳ್ಳಿಗಳಲ್ಲಿ ಮಕ್ಕಳಿಗೆ ಜಪ ಕಲಿಸುವ ಉಪದೇಶಿ, ಇವರ ಹೆಸರು ಯಾವ ಶಿಲಾಫಲಕದಲ್ಲಿಯೂ ಇರಲಾರದು. ಆದರೆ ನೂರು ವರ್ಷಗಳ ಈ ಧರ್ಮಕೇಂದ್ರವನ್ನು ಹೊತ್ತವರು ಅವರೇ ಎಂದು ನಾವು ಬಲ್ಲೆವು. ಫಲದ ಲೆಕ್ಕ ದೇವರದು. ಇಂದಿನ ಕರ್ತವ್ಯ ನಮ್ಮದು. ಅದನ್ನು ಕಡೆಗಾಣಿಸದೆ ನೆರವೇರಿಸುವ ವರವನ್ನು ದಯಾಮಯನಾದ ದೇವರು ನಮ್ಮೆಲ್ಲರಿಗೂ ಕರುಣಿಸಲಿ.