ಚರ್ಚಿಲ್ಲರ ಚುರುಟು

ಒಂದು ವಸ್ತುವಿನ ರುಚಿಯನ್ನು ಬಲ್ಲವರು ಹಲವರು. ಅದರ ಬೆಲೆಯನ್ನು ಬಲ್ಲವರು ಕೆಲವರು. ಕೋಲಾರದ ಸೀಮೆಯವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಶ್ರೀನಿವಾಸಪುರದ ಮಂಡಿಗೆ ಬಂದ ವರ್ತಕನು ಮಾವಿನ ತೊಟ್ಟನ್ನು ಮೂಸಿ, ಹಣ್ಣನ್ನು ಅದುಮಿ, ಒಂದು ಹೋಳನ್ನು ನಾಲಗೆಗಿಟ್ಟ ಮೇಲೆಯೇ ದರದ ಮಾತೆತ್ತುತ್ತಾನೆ. ಚಿನ್ನವನ್ನಂತೂ ಒರೆಗಲ್ಲಿಗೆ ತಿಕ್ಕದೆ ಯಾರೂ ಕೊಳ್ಳರು. ಇಂಥ ಪರೀಕ್ಷೆಯಲ್ಲಿ ನಿಪುಣರಾಗಿದ್ದೂ ಒಂದು ವಿಷಯದಲ್ಲಿ ಮಾತ್ರ ಒರೆಗಲ್ಲನ್ನೇ ಮರೆತ ಪುರುಷರೊಬ್ಬರ ಬಾಳನ್ನು ಇಲ್ಲಿ ನಿರೂಪಿಸಬೇಕೆಂದಿದ್ದೇನೆ. ಅವರು ವಿನ್‌ಸ್ಟನ್ ಚರ್ಚಿಲ್. ತಾರುಣ್ಯದ ಮುಖ್ಯ ವರ್ಷಗಳನ್ನು ನಮ್ಮ ನೆರೆಯ ಬೆಂಗಳೂರಿನಲ್ಲಿ ಕಳೆದವರು.

ಚರ್ಚಿಲ್ಲರು ಹುಟ್ಟಿದ್ದು 1874ರ ನವೆಂಬರ್ 30ರಂದು, ಬ್ಲೆನ್‌ಹಿಮ್ ಅರಮನೆಯಲ್ಲಿ. ಶಾಲೆಯಲ್ಲಿ ಹೆಸರು ಮಾಡಿದ ಹುಡುಗನಲ್ಲ. ಹದಿನೈದರ ವಯಸ್ಸಿಗೇ ಧೂಮಪಾನ ಅಂಟಿಕೊಂಡಿತ್ತು. ಅದನ್ನು ಬಿಟ್ಟರೆ ಬಂದೂಕನ್ನೂ ತಟ್ಟುವನ್ನೂ ಕೊಡಿಸುವುದಾಗಿ ತಾಯಿ ಆಸೆ ತೋರಿಸಬೇಕಾಯಿತು. 1895ರಲ್ಲಿ ತಂದೆ ತೀರಿಕೊಂಡರು. ಮಗ ಅಶ್ವದಳವನ್ನು ಸೇರಿದ. ಆ ವರ್ಷದ ಕೊನೆಯಲ್ಲಿ ಕ್ಯೂಬಾದ ದಂಗೆಯನ್ನು ನೋಡಲು ಹೋಗಿ, ಇಪ್ಪತ್ತೊಂದನೆಯ ಹುಟ್ಟುಹಬ್ಬವನ್ನು ಅಲ್ಲಿಯೇ ಕಳೆದ. ಹವಾನಾ ಚುರುಟಿನ ರುಚಿ ಹತ್ತಿದ್ದೂ ಅಲ್ಲಿಯೇ. ಅದು ಎಪ್ಪತ್ತು ವರ್ಷ ಅವರನ್ನು ಬಿಡಲಿಲ್ಲ.

ಮರುವರ್ಷ, 1896ರ ಅಕ್ಟೋಬರಿನಲ್ಲಿ, ಅವರ ದಳ ಬೆಂಗಳೂರು ದಂಡಿಗೆ ಬಂದಿತು. ಇಬ್ಬರು ಗೆಳೆಯರೊಡನೆ ಒಂದು ದೊಡ್ಡ ಬಂಗಲೆ, ಗುಲಾಬಿಯ ತೋಟ, ಚಿಟ್ಟೆಗಳ ಸಂಗ್ರಹ, ಸಂಜೆ ಪೋಲೋ ಆಟ. ತಾಯಿ ಕೊಡುತ್ತಿದ್ದ ವರ್ಷಕ್ಕೆ 500 ಪೌಂಡು ಸಾಲದೆ ಲೇವಾದೇವಿಗಾರರ ಮೊರೆಹೋಗುತ್ತಿದ್ದರು. ಆದರೆ ಮಧ್ಯಾಹ್ನದ ಬಿಡುವನ್ನು ಈ ತರುಣ ನಿದ್ರೆಗೆ ಒಪ್ಪಿಸಲಿಲ್ಲ. ತನಗೆ ವಿದ್ಯೆ ಸಾಲದೆಂಬ ಅರಿವು ಅವರನ್ನು ಕೊರೆಯತೊಡಗಿತ್ತು. ತಾಯಿಗೆ ಬರೆದು ಗಿಬ್ಬನ್, ಮೆಕಾಲೆಯರ ಸಂಪುಟಗಳನ್ನು ತರಿಸಿಕೊಂಡರು. ಪ್ಲೇಟೋ, ಡಾರ್ವಿನ್, ಮಾಲ್ಥಸ್ ಎಲ್ಲರನ್ನೂ ದಿನಕ್ಕೆ ನಾಲ್ಕೈದು ಗಂಟೆ ಕುಳಿತು ಓದಿದರು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನೇ ಹತ್ತದವನಿಗೆ ಬೆಂಗಳೂರೇ ವಿಶ್ವವಿದ್ಯಾನಿಲಯವಾಯಿತು. 1953ರಲ್ಲಿ ಸಾಹಿತ್ಯದ ನೊಬೆಲ್ ಬಹುಮಾನವನ್ನು ತಂದ ಗದ್ಯಕ್ಕೆ ಅಡಿಪಾಯ ಬಿದ್ದದ್ದು ನಮ್ಮ ನೆರೆಯಲ್ಲಿಯೇ ಎಂಬುದನ್ನು ವಿದ್ಯಾರ್ಥಿಗಳು ನೆನೆಯಬೇಕು.

1899ರ ವಸಂತದಲ್ಲಿ ಅವರು ಭರತಖಂಡವನ್ನು ಬಿಟ್ಟರು. ಅದೇ ಜೂನಿನಲ್ಲಿ ಬೆಂಗಳೂರಿನ ಕ್ಲಬ್ಬು ವಸೂಲಾಗದ ಬಾಕಿಗಳ ಪಟ್ಟಿಯೊಂದನ್ನು ಮಾಡಿತು. ಅದರಲ್ಲಿ ಚರ್ಚಿಲ್ಲರ ಹೆಸರಿನ ಮುಂದೆ 13 ರೂಪಾಯಿ. ಆ ಪುಟವನ್ನು ಕ್ಲಬ್ಬು ಇಂದಿಗೂ ಕಾಪಾಡಿಕೊಂಡು ಬಂದಿದೆ. ಕೋಲಾರದ ಗಣಿಗಳ ಚಿನ್ನ ಹಡಗೇರಿ ಲಂಡನ್ನಿಗೆ ಹೋಗುತ್ತಿದ್ದ ಕಾಲವದು. ಈ ಹದಿಮೂರು ರೂಪಾಯಿ ಮಾತ್ರ ಲಂಡನ್ನಿನಿಂದ ಹಿಂದಿರುಗಲಿಲ್ಲ.

1900ರ ಆಗಸ್ಟಿನಲ್ಲಿ ಲಂಡನ್ನಿನ ರಾಬರ್ಟ್ ಲೂಯಿಸ್ ಅಂಗಡಿಯಲ್ಲಿ ಅವರು 50 ಸಣ್ಣ ಹವಾನಾ ಚುರುಟುಗಳನ್ನು ನಾಲ್ಕು ಪೌಂಡಿಗೆ ಕೊಂಡರು. ಆಗ ಒಂದು ಪೌಂಡಿಗೆ 15 ರೂಪಾಯಿ. ಒಂದೊಂದು ಚುರುಟಿಗೆ ಒಂದು ರೂಪಾಯಿ ಮೂರಾಣೆಯಷ್ಟಾಯಿತು. ಬೆಂಗಳೂರಿನ ಬಾಕಿಯಿಂದ ಅಂಥ ಹತ್ತು ಚುರುಟುಗಳು ಬರುತ್ತಿದ್ದವು. ಮುಂದೆ ಅವರ ಒಂದು ದಿನದ ಖರ್ಚು ಅಷ್ಟೇ, ಎಂಟೋ ಹತ್ತೋ.

ಬಲ್ಲವರು ಚುರುಟನ್ನು ಪರೀಕ್ಷಿಸುವ ಕ್ರಮವೊಂದುಂಟು. ಹೊರಗಿನ ಎಲೆ ನಯವಾಗಿ, ಬಿರುಕಿಲ್ಲದೆ ಇರಬೇಕು. ಬೆರಳಿನಿಂದ ಒತ್ತಿದರೆ ತೀರ ಮೆತ್ತಗೂ ಅಲ್ಲ, ಕಲ್ಲಿನಂತೆಯೂ ಅಲ್ಲ. ಹಚ್ಚುವ ಮೊದಲು ಮೂಸಿ ನೋಡಬೇಕು. ಹಚ್ಚಿದ ಮೇಲೆ ಸುತ್ತಲೂ ಸಮನಾಗಿ ಉರಿಯಬೇಕು, ಬೂದಿ ಬೇಗ ಉದುರಬಾರದು. ಹೊಗೆಯನ್ನು ಎದೆಗೆಳೆಯದೆ ಬಾಯಲ್ಲಿಯೇ ಸವಿದು ಬಿಡಬೇಕು. ಮೊದಲ ಭಾಗದ ರುಚಿ ಬೇರೆ, ನಡುವಿನದು ಬೇರೆ, ಕೊನೆಯದು ಬೇರೆ. ಮೂರನ್ನೂ ತೂಗಿದ ಮೇಲೆಯೇ ಕೊಟ್ಟ ಹಣಕ್ಕೆ ತಕ್ಕುದೋ ಅಲ್ಲವೋ ಎಂಬ ತೀರ್ಮಾನ. ಚರ್ಚಿಲ್ಲರು ತುದಿಯನ್ನು ಕತ್ತರಿಸುತ್ತಿರಲಿಲ್ಲ. ಉದ್ದನೆಯ ಬೆಂಕಿಕಡ್ಡಿಯಿಂದ ಚುಚ್ಚಿ ಊದುತ್ತಿದ್ದರು. ಅರ್ಧಕ್ಕಿಂತ ಹೆಚ್ಚಾಗಿ ಸೇದುತ್ತಿದ್ದುದು ಅಪರೂಪ. ಚಾರ್ಟ್‌ವೆಲ್ಲಿನ ಮನೆಯಲ್ಲಿ ಮೂರು ನಾಲ್ಕು ಸಾವಿರ ಚುರುಟುಗಳ ದಾಸ್ತಾನು ಇರುತ್ತಿತ್ತು. ಯುದ್ಧಕಾಲದಲ್ಲಿ ಕಾಣಿಕೆಯಾಗಿ ಬಂದ ಚುರುಟುಗಳಲ್ಲಿ ವಿಷವಿದೆಯೇ ಎಂದು ವಿಜ್ಞಾನಿಗಳು ಪರೀಕ್ಷಿಸುತ್ತಿದ್ದರು. ಏಳಂಗುಲದ ಚುರುಟಿಗೆ ಇಂದು ಅವರ ಹೆಸರೇ ನಿಂತಿದೆ.

ಹೊಗೆಯ ವಿಷಯದಲ್ಲಿ ಇಷ್ಟೊಂದು ಪರೀಕ್ಷೆ ನಡೆಸಿದವರು ಒಂದು ದೇಶದ ವಿಷಯದಲ್ಲಿ ಏನು ಮಾಡಿದರು? ನಮ್ಮ ನಡುವೆ ಇದ್ದಷ್ಟು ಕಾಲ ನಮ್ಮ ಭಾಷೆಯನ್ನು ಕಲಿಯಲಿಲ್ಲ. ದಂಡಿನ ಬೇಲಿಯಾಚೆಯ ಬಾಳನ್ನು ಬಳಕೆಯಿಂದ ಅರಿಯಲಿಲ್ಲ. ನಾಲಗೆಗಿಡದೆಯೇ ತೀರ್ಪು ಕೊಟ್ಟರು: ಈ ಜನ ಸ್ವರಾಜ್ಯಕ್ಕೆ ಯೋಗ್ಯರಲ್ಲ ಎಂಬುದೇ ಆ ತೀರ್ಪು. 1935ರ ಭಾರತ ಶಾಸನವನ್ನು ಅವರು ವರ್ಷಗಟ್ಟಲೆ ವಿರೋಧಿಸಿದರು. 1940ರಲ್ಲಿ ಪ್ರಧಾನಿಯಾಗಿ ಹಿಟ್ಲರನ ಎದುರು ಒಂಟಿಯಾಗಿ ನಿಂತ ಅವರ ಧೈರ್ಯವನ್ನು ಅಲ್ಲಗಳೆಯುವವರು ಕೃತಘ್ನರು. ಆದರೆ 1943ರಲ್ಲಿ ಬಂಗಾಳದಲ್ಲಿ ಕ್ಷಾಮ ಬಿದ್ದು ಸುಮಾರು 30 ಲಕ್ಷ ಜನ ಸತ್ತಾಗ, ವೈಸರಾಯರು ಮತ್ತೆ ಮತ್ತೆ ಕೇಳಿದಷ್ಟು ಧಾನ್ಯವನ್ನು ಅವರ ಯುದ್ಧಸಂಪುಟ ಕಳುಹಿಸಲಿಲ್ಲ. ಹಡಗುಗಳ ಅಭಾವ ನಿಜ. ಆ ಅಭಾವದಲ್ಲಿ ಯಾರ ಹಸಿವನ್ನು ಹಿಂದಕ್ಕೆ ಸರಿಸಬಹುದೆಂದು ತೂಗಿದ ತಕ್ಕಡಿ ಮಾತ್ರ, ಬೆಂಗಳೂರಿನಲ್ಲಿ ಪರೀಕ್ಷಿಸದೆ ಇಟ್ಟುಕೊಂಡಿದ್ದ ಆ ಹಳೆಯ ತಕ್ಕಡಿಯೇ ಎಂದು ನನಗೆ ತೋರುತ್ತದೆ.

1965ರ ಜನವರಿ 24ರಂದು, ತೊಂಬತ್ತರ ವಯಸ್ಸಿನಲ್ಲಿ, ಚರ್ಚಿಲ್ಲರು ತೀರಿಕೊಂಡರು. ಆ ದೀರ್ಘಾಯುಷ್ಯವನ್ನು ಹೊಗೆಸೊಪ್ಪಿನ ಪುಣ್ಯವೆಂದು ಯಾರೂ ಭ್ರಮಿಸಬಾರದು. ಅದು ಕೊಂದವರ ಲೆಕ್ಕವನ್ನು ವೈದ್ಯರು ಬಲ್ಲರು.

ಅವರು ಜೀವನದಲ್ಲಿ ಕೊಂಡ ಸಾವಿರಾರು ವಸ್ತುಗಳಲ್ಲಿ ಕೊಟ್ಟ ಹಣಕ್ಕೆ ತಕ್ಕುದಾಗಿ ನನಗೆ ಕಾಣುವುದು ಬೆಂಗಳೂರಿಗೆ ಅಂಚೆಯಲ್ಲಿ ಬಂದ ಆ ಪುಸ್ತಕಗಳ ಕಟ್ಟು ಒಂದೇ. ಚುರುಟುಗಳೆಲ್ಲ ಬೂದಿಯಾದವು, ಓದು ಉಳಿಯಿತು. ಆ ಓದು ಕಿಟಕಿಯ ಹೊರಗಿನ ಊರಿಗೂ ಅವರ ಕಣ್ಣು ತೆರೆಸಿದ್ದರೆ, ನಮ್ಮ ಲೆಕ್ಕದಲ್ಲಿ ಬಾಕಿ ಹದಿಮೂರೇ ರೂಪಾಯಿ ಉಳಿಯುತ್ತಿತ್ತು.