ಕಲ್ಲಿನಲ್ಲಿ ಬೆಳಕನ್ನು ಕಂಡ ಸಿ. ವಿ. ರಾಮನ್ನರು

ನಾವು ವಾಸಿಸುವ ಈ ಮುಂಬಯಿ ನಗರವು ಕಪ್ಪು ಕಲ್ಲಿನ ಮೇಲೆ ನಿಂತಿದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲಿನಿಂದ ಉಕ್ಕಿ ಹರಿದ ಶಿಲಾರಸವು ತಣಿದು ಬಸಾಲ್ಟ್ ಎಂಬ ಈ ಶಿಲೆಯಾಯಿತು. ಅಂಧೇರಿಯ ಗಿಲ್ಬರ್ಟ್ ಬೆಟ್ಟದಲ್ಲಿ ಅದು ಕಂಬಗಳನ್ನು ಒತ್ತಾಗಿ ನಿಲ್ಲಿಸಿದಂತೆ ಕಾಣುತ್ತದೆ. ಆ ಶಿಲಾರಸದಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳು ಪೊಳ್ಳುಗಳಾಗಿ ಉಳಿದವು. ಅವುಗಳೊಳಗೆ ನೀರು ಇಂಗಿ, ಕಾಲಾಂತರದಲ್ಲಿ ಬಗೆಬಗೆಯ ಹರಳುಗಳು ಬೆಳೆದವು. ಮಲಾಡ, ಕಾಂದಿವಲಿಗಳ ಕಲ್ಲುಗಣಿಗಳಲ್ಲಿ ದೊರೆತ ಇಂತಹ ಹರಳುಗಳು ಲೋಕದ ವಸ್ತುಸಂಗ್ರಹಾಲಯಗಳನ್ನು ಸೇರಿವೆ.

ಇಂತಹ ಸಣ್ಣ ಹರಳುಗಳನ್ನು ನೋಡಲು ಜೋಡಿಗಣ್ಣಿನ ಸೂಕ್ಷ್ಮದರ್ಶಕವು ಬಹಳ ಅನುಕೂಲವಾದ ಉಪಕರಣ. ಅದರಲ್ಲಿ ಎರಡು ಕಣ್ಣುಗಳೂ ಹರಳನ್ನು ತುಸು ಬೇರೆಬೇರೆ ಕೋನಗಳಿಂದ ನೋಡುವುದರಿಂದ, ಹರಳಿನ ಉಬ್ಬುತಗ್ಗುಗಳು ಸ್ಪಷ್ಟವಾಗಿ ತೋರುತ್ತವೆ. ಛಾಯಾಚಿತ್ರ ತೆಗೆಯುವಾಗಲಾದರೋ ಕ್ಯಾಮರಾಕ್ಕೆ ಇರುವುದು ಒಂದೇ ಕಣ್ಣು. ಆಗ ಕಲ್ಲಿನ ರೂಪವನ್ನು ತೋರಿಸುವ ಹೊಣೆಯೆಲ್ಲ ಬೆಳಕಿನದು. ಬೆಳಕು ಯಾವ ಕಡೆಯಿಂದ ಬೀಳಬೇಕು, ಯಾವ ಬಣ್ಣದ್ದಾಗಿರಬೇಕು, ಎಷ್ಟು ಹೊತ್ತು ಇರಬೇಕು ಎಂಬುದನ್ನು ಅರಿತವನಿಗೆ ಮಾತ್ರ ಕಲ್ಲು ತನ್ನ ಗುಟ್ಟನ್ನು ಬಿಟ್ಟುಕೊಡುತ್ತದೆ. ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಜೀವಮಾನದ ಸಾಧನೆಯಾಗಿ ಮಾಡಿಕೊಂಡ ಮಹನೀಯರು ಸರ್ ಚಂದ್ರಶೇಖರ ವೆಂಕಟರಾಮನ್ನರು.

ರಾಮನ್ನರು 1888ನೆಯ ಇಸವಿ ನವಂಬರ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರು ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, 1906ರಲ್ಲಿ, ಬೆಳಕನ್ನು ಕುರಿತ ಅವರ ಮೊದಲನೆಯ ಲೇಖನವು ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. 1907ರಲ್ಲಿ ಅವರು ಸರಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲಕತ್ತೆಗೆ ಹೋದರು. ಹಗಲೆಲ್ಲ ಲೆಕ್ಕಪತ್ರಗಳ ಕೆಲಸ. ಕಚೇರಿಯ ಹೊತ್ತಿಗೆ ಮುಂಚೆ ಮತ್ತು ಆನಂತರ ಬೌಬಜಾರಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗ. ಹತ್ತು ವರ್ಷಗಳ ಪರಿಯಂತ ಹೀಗೆ ನಡೆಯಿತು. 1917ರಲ್ಲಿ ಅಧಿಕ ಸಂಬಳದ ಆ ಹುದ್ದೆಯನ್ನು ತೊರೆದು, ಕಡಮೆ ಸಂಬಳದ ಪ್ರಾಧ್ಯಾಪಕ ಪದವಿಯನ್ನು ಅವರು ಸಂತೋಷದಿಂದ ಸ್ವೀಕರಿಸಿದರು.

ನಮ್ಮ ಮುಂಬಯಿಗೂ ಅವರ ಸಾಧನೆಗೂ ಒಂದು ನಂಟು ಇದೆ. 1921ರಲ್ಲಿ ಅವರು ಇಂಗ್ಲೆಂಡಿನಿಂದ ನಾರ್ಕುಂಡಾ ಎಂಬ ಹಡಗಿನಲ್ಲಿ ಸ್ವದೇಶಕ್ಕೆ ಮರಳುತ್ತಿದ್ದರು. ಕಡಲು ನೀಲಿಯಾಗಿರುವುದು ಆಕಾಶದ ಪ್ರತಿಬಿಂಬದಿಂದ ಎಂದು ಆಗಿನ ಘನ ವಿದ್ವಾಂಸರು ನಂಬಿದ್ದರು. ರಾಮನ್ನರ ಬಳಿ ನಿಕಾಲ್ ಪಟ್ಟಕವೆಂಬ ಚಿಕ್ಕ ಸಾಧನವಿತ್ತು. ಅದು ಕ್ಯಾಲ್ಸೈಟ್ ಎಂಬ ಖನಿಜದ ಪಾರದರ್ಶಕ ಹರಳನ್ನು ಸೀಳಿ ಅಂಟಿಸಿ ಮಾಡಿದ ವಸ್ತು. ಕ್ಯಾಲ್ಸೈಟು ನಮ್ಮ ಕಪ್ಪು ಕಲ್ಲಿನ ಪೊಳ್ಳುಗಳಲ್ಲಿಯೂ ದೊರೆಯುವ ಖನಿಜವೇ. ಆ ಪಟ್ಟಕವನ್ನು ತಕ್ಕ ಕೋನದಲ್ಲಿ ಹಿಡಿದು ನೋಡಿದರೆ ನೀರಿನ ಮೇಲ್ಮೈಯ ಪ್ರತಿಬಿಂಬವು ಅಳಿಯುತ್ತದೆ. ಪ್ರತಿಬಿಂಬವು ಅಳಿದರೂ ಕಡಲ ನೀಲಿ ಅಳಿಯಲಿಲ್ಲ! ಅದು ನೀರಿನ ಅಣುಗಳೇ ಬೆಳಕನ್ನು ಚದುರಿಸುವುದರಿಂದ ಉಂಟಾದ ಬಣ್ಣವೆಂದು ಅವರು ಕಂಡುಕೊಂಡರು. ಸಪ್ಟಂಬರ 26ರಂದು, ಹಡಗು ಮುಂಬಯಿಯ ಬಂದರದಲ್ಲಿದ್ದಾಗ, ಈ ವಿಷಯವನ್ನು ಬರೆದು ಲಂಡನ್ನಿನ ನೇಚರ್ ಪತ್ರಿಕೆಗೆ ಕಳುಹಿಸಿದರು. ಅಂಗೈಯಲ್ಲಿ ಅಡಗುವ ಒಂದು ಕಲ್ಲಿನ ಹರಳು ದೊಡ್ಡವರ ಅಭಿಪ್ರಾಯವನ್ನೇ ತಿದ್ದಿತು.

ಅದೇ ಜಾಡಿನಲ್ಲಿ ಮುನ್ನಡೆದು, 1928ನೆಯ ಇಸವಿ ಫೆಬ್ರವರಿ 28ರಂದು, ಕೆ. ಎಸ್. ಕೃಷ್ಣನ್ನರ ಸಹಕಾರದಿಂದ, ಅವರು ರಾಮನ್ ಪರಿಣಾಮವನ್ನು ಕಂಡುಹಿಡಿದರು. 1930ರಲ್ಲಿ ನೊಬೆಲ್ ಪಾರಿತೋಷಕವು ಅವರಿಗೆ ಸಂದಿತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದವರು ಮುಂದೆ ಕನ್ನಡ ನಾಡಿನಲ್ಲಿಯೇ ನೆಲೆಸಿದರು.

ಬೆಂಗಳೂರಿನಲ್ಲಿ ಅವರ ಮನಸ್ಸನ್ನು ಸೆಳೆದದ್ದು ವಜ್ರ. ಬೆಲೆಗಾಗಿ ಅಲ್ಲ, ಅದರೊಳಗೆ ಏನಿದೆಯೆಂಬ ಕುತೂಹಲಕ್ಕಾಗಿ. ಕಪ್ಪು ಗಾಜಿನ ಮೂಲಕ ಹಾಯಿಸಿದ, ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಕತ್ತಲಕೋಣೆಯಲ್ಲಿ ವಜ್ರದ ಮೇಲೆ ಬಿಟ್ಟರೆ, ಕೆಲವು ನೀಲಿಯಾಗಿ, ಕೆಲವು ಹಸುರಾಗಿ ತಾವೇ ಬೆಳಗುತ್ತವೆ. ಮತ್ತೆ ಕೆಲವು ಕತ್ತಲೆಯಾಗಿಯೇ ಉಳಿಯುತ್ತವೆ. ಆ ಬೆಳಕಿನಲ್ಲಿಯೇ ಛಾಯಾಚಿತ್ರ ತೆಗೆದರೆ, ಹಗಲಿನಲ್ಲಿ ತಿಳಿನೀರಿನಂತೆ ಕಾಣುವ ವಜ್ರದೊಳಗೆ ಪಟ್ಟೆಗಳೂ ಚಿತ್ತಾರಗಳೂ ಮೂಡುತ್ತವೆ. ರಾಮನ್ನರೂ ಅವರ ಶಿಷ್ಯರೂ ನಡೆಸಿದ ಈ ವ್ಯಾಸಂಗಗಳು 1944ರಲ್ಲಿ ಒಟ್ಟಾಗಿ ಪ್ರಕಟವಾದವು.

ಈ ಚಿತ್ರಗಳ ಹಿಂದೆ ಇದ್ದ ದುಡಿಮೆಯನ್ನು ನಾವು ಮರೆಯಲಾಗದು. ಅವರ ಶಿಷ್ಯೆ ಅಣ್ಣಾ ಮಣಿಯವರು ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ಪರೀಕ್ಷಿಸಿದರು. ವಜ್ರದ ಬೆಳಕು ಅತಿ ಮಂದವಾದುದರಿಂದ, ಅದರ ರೋಹಿತವು ಫಲಕದ ಮೇಲೆ ಮೂಡಲು ಒಮ್ಮೊಮ್ಮೆ 15ರಿಂದ 20 ಗಂಟೆಗಳು ಹಿಡಿಯುತ್ತಿದ್ದವು. ಆ ತರುಣಿ ಎಷ್ಟೋ ರಾತ್ರಿಗಳನ್ನು ಪ್ರಯೋಗಶಾಲೆಯಲ್ಲಿಯೇ ಕಳೆದರು. ಇಷ್ಟಾದರೂ, ಎಂ. ಎಸ್‌ಸಿ. ಪದವಿ ಇಲ್ಲವೆಂಬ ಕಾರಣದಿಂದ ಮದರಾಸು ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರೇಟನ್ನು ಕೊಡಲಿಲ್ಲ. ಅವರು ಎದೆಗುಂದಲಿಲ್ಲ. ಮುಂದೆ ಹವಾಮಾನದ ಉಪಕರಣಗಳ ನಿರ್ಮಾಣದಲ್ಲಿ ದೇಶಕ್ಕೇ ದಾರಿ ತೋರಿಸಿದರು.

1948ರಲ್ಲಿ ರಾಮನ್ನರು ತಮ್ಮದೇ ಸಂಶೋಧನಾಲಯವನ್ನು ಬೆಂಗಳೂರಿನಲ್ಲಿ ಸ್ಥಾಪಿಸಿದರು. ಅಲ್ಲಿ ಎ. ಜಯರಾಮನ್ ಎಂಬ ಸಹಾಯಕರೊಡನೆ ಬಣ್ಣ ಬೀರುವ ಕಲ್ಲುಗಳ ಬೆನ್ನು ಹತ್ತಿದರು. ಲ್ಯಾಬ್ರಡೊರೈಟ್ ಎಂಬ ಬೂದುಬಣ್ಣದ ಕಲ್ಲನ್ನು ಒಂದು ಕೋನಕ್ಕೆ ತಿರುಗಿಸಿದರೆ ನವಿಲಿನ ಕೊರಳಿನಂತೆ ಮಿಂಚುತ್ತದೆ. ತುಸು ಸರಿಸಿದರೆ ಮತ್ತೆ ಬರಿಯ ಬೂದುಗಲ್ಲು. 1953ರಲ್ಲಿ ಅವರಿಬ್ಬರೂ ಓಪಲ್ ರತ್ನದ ಬಣ್ಣಗಳನ್ನು ಕುರಿತು ಬರೆದರು. ಕಲ್ಲಿನೊಳಗೆ ಕ್ರಮಬದ್ಧವಾದ ಸೂಕ್ಷ್ಮ ಪದರಗಳಿರುವುದೇ ಅದಕ್ಕೆ ಕಾರಣವೆಂದು ಅವರ ಮತ.

ಇಲ್ಲಿ ನಾವು ಒಂದು ಸತ್ಯವನ್ನು ಮುಚ್ಚದೆ ಹೇಳಬೇಕು. ರಾಮನ್ನರ ಎಲ್ಲ ವಿವರಣೆಗಳೂ ನಿಲ್ಲಲಿಲ್ಲ. 1964ರಲ್ಲಿ ಆಸ್ಟ್ರೇಲಿಯದ ಸ್ಯಾಂಡರ್ಸ್ ಎಂಬ ವಿಜ್ಞಾನಿಯು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿದಾಗ, ಓಪಲ್ಲಿನೊಳಗೆ ಪದರಗಳ ಬದಲು ಸಿಲಿಕದ ಪುಟ್ಟ ಗೋಳಗಳು ಸಾಲುಸಾಲಾಗಿ ಕಂಡುಬಂದವು. ಒಂದು ಮಿಲಿಮೀಟರಿನ ಉದ್ದಕ್ಕೆ ಅಂತಹ 3000ಕ್ಕೂ ಹೆಚ್ಚು ಗೋಳಗಳನ್ನು ಇಡಬಹುದು. ಕ್ರಮವಿದೆಯೆಂದ ರಾಮನ್ನರ ಮಾತು ದಿಟವಾಯಿತು. ಕ್ರಮದ ಬಗೆ ಬೇರೆಯಾಗಿತ್ತು. ವಜ್ರಗಳೊಳಗಿನ ಭೇದಗಳು ಅವುಗಳ ಮೂಲರಚನೆಯಿಂದಲೇ ಬಂದವೆಂದು ಅವರು ಸಾಧಿಸಿದ್ದರು. 1959ರಲ್ಲಿ ವಜ್ರದೊಳಗೆ ಸಾರಜನಕವು ಬೆರೆತಿರುವುದು ತಿಳಿದುಬಂದಿತು. ಆ ಭೇದಗಳಿಗೆ ಬಹುಮಟ್ಟಿಗೆ ಅದೇ ಕಾರಣವೆಂದು ಮುಂದೆ ಸ್ಥಿರಪಟ್ಟಿತು. ತಮ್ಮ ಮತವನ್ನು ಸುಲಭವಾಗಿ ಬಿಡುವ ಸ್ವಭಾವ ರಾಮನ್ನರದಾಗಿರಲಿಲ್ಲ. ಆದರೆ ಅವರ ಪ್ರಯೋಗಶಾಲೆಯಲ್ಲಿ ತೆಗೆದ ಚಿತ್ರಗಳು ಸುಳ್ಳಾಗಲಿಲ್ಲ. ಅಂದು ಫಲಕದ ಮೇಲೆ ಮೂಡಿದ ಪಟ್ಟೆಗಳು ಇಂದಿಗೂ ವಜ್ರದಲ್ಲಿವೆ. ಊಹೆಯು ಮನುಷ್ಯನದು, ಬದಲಾಗಬಹುದು. ಕಂಡದ್ದನ್ನು ಕಂಡಂತೆ ಬರೆದಿಟ್ಟರೆ ಅದು ಮುಂದಿನವರ ಕೈಗೆ ಮೂಲಧನವಾಗುತ್ತದೆ.

1954ರಲ್ಲಿ ಭಾರತರತ್ನವಾದ ರಾಮನ್ನರು ಕೊನೆಯ ತನಕವೂ ಕಲ್ಲುಗಳನ್ನು ಕೂಡಿಹಾಕುತ್ತಲೇ ಇದ್ದರು. ಅವರ ಸಂಶೋಧನಾಲಯದ ಸಂಗ್ರಹದಲ್ಲಿ ಖನಿಜಗಳು, ರತ್ನಗಳು, ಚಿಪ್ಪುಗಳು, ಚಿಟ್ಟೆಗಳು ತುಂಬಿದ್ದವು. ಕತ್ತಲಕೋಣೆಯಲ್ಲಿ ನೇರಳಾತೀತ ಕಿರಣಗಳು ಬಿದ್ದೊಡನೆ ಮಂಕಾದ ಕಲ್ಲುಗಳು ಹೊಳೆಯುವುದನ್ನು ಬಂದವರಿಗೆ ತೋರಿಸುವುದೆಂದರೆ ಅವರಿಗೆ ಮಕ್ಕಳಂತಹ ಉಲ್ಲಾಸ. 1970ನೆಯ ಇಸವಿ ನವಂಬರ 21ರಂದು ಅವರು ದೇಹಬಿಟ್ಟರು. ಆ ಸಂಶೋಧನಾಲಯದ ಆವರಣದಲ್ಲಿಯೇ ಅಂತ್ಯಸಂಸ್ಕಾರವಾಯಿತು. ಆ ಜಾಗದಲ್ಲಿ ಗೋರಿಯಿಲ್ಲ, ಒಂದು ಮರವಿದೆ.

ವಿದ್ಯಾರ್ಥಿಮಿತ್ರರೇ, ಒಳ್ಳೆಯ ಸೂಕ್ಷ್ಮದರ್ಶಕವು ನಮ್ಮೆಲ್ಲರ ಶಾಲೆಗಳಲ್ಲಿ ಇರಲಾರದು. ಆದರೆ ಮನೆ ಕಟ್ಟುವ ಕಡೆ ಬಿದ್ದಿರುವ ಜಲ್ಲಿಯಲ್ಲಿ ಒಂದು ಪೊಳ್ಳು ಕಂಡರೆ, ಅದನ್ನು ಕಿಟಕಿಯ ಬಳಿಗೆ ಒಯ್ದು, ಬಿಸಿಲಿಗೆ ಓರೆಯಾಗಿ ಹಿಡಿದು, ನಿಧಾನವಾಗಿ ತಿರುಗಿಸಿ ನೋಡಿರಿ. ಕಂಡದ್ದನ್ನು ಬರೆಯಿರಿ, ಚಿತ್ರ ತೆಗೆಯಬಲ್ಲವರು ತೆಗೆಯಿರಿ, ಕಲ್ಲು ಸಿಕ್ಕ ಸ್ಥಳವನ್ನೂ ದಿನವನ್ನೂ ಗುರುತಿಸಿರಿ. ಅದರ ಹೆಸರನ್ನು ಆಮೇಲೆ ಬಲ್ಲವರಿಂದ ಕೇಳಿ ತಿಳಿಯಬಹುದು.