ಗಣಿತಾಚಾರ್ಯ ಮಹಾವೀರರು

ಕನ್ನಡನಾಡಿನ ಗಣಿತಪರಂಪರೆಯಲ್ಲಿ ಮಹಾವೀರಾಚಾರ್ಯರ ಹೆಸರು ಅಗ್ರಗಣ್ಯವಾದುದು. ಅವರು ಬಾಳಿದುದು ಕ್ರಿ.ಶ. ೯ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಮಾನ್ಯಖೇಟದಿಂದ ನಾಡನ್ನಾಳುತ್ತಿದ್ದ ಕಾಲದಲ್ಲಿ. ಆ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕನ್ನಡದಲ್ಲಿ ಕವಿರಾಜಮಾರ್ಗವು ಮೈದಳೆದ ಆ ಕಾಲದಲ್ಲಿಯೇ ಆಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವೆಂಬ ಗ್ರಂಥವನ್ನು ರಚಿಸಿದರು.

ಗ್ರಂಥಾರಂಭದಲ್ಲಿ ಜಿನೇಶ್ವರನನ್ನು ವಂದಿಸಿ, ಆಶ್ರಯದಾತನಾದ ಅರಸನನ್ನು ಕೊಂಡಾಡಿದ ಆಚಾರ್ಯರು ತಮ್ಮ ಕುಲವನ್ನಾಗಲಿ ಹುಟ್ಟೂರನ್ನಾಗಲಿ ಹೇಳಿಕೊಳ್ಳಲಿಲ್ಲ. ಅದರ ಬದಲು ಗಣಿತದ ಹಿರಿಮೆಯನ್ನು ಬಣ್ಣಿಸಿದರು. ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ವ್ಯಾಕರಣ ಇವೆಲ್ಲಕ್ಕೂ ಲೆಕ್ಕವೇ ಆಧಾರವೆಂಬುದು ಅವರ ನಿಲುವು. ಅದುವರೆಗೆ ಗಣಿತವು ಬಹುಮಟ್ಟಿಗೆ ಜ್ಯೋತಿಷಗ್ರಂಥಗಳ ಒಂದು ಭಾಗವಾಗಿ ಬರುತ್ತಿತ್ತು. ಮಹಾವೀರಾಚಾರ್ಯರು ಗಣಿತವೊಂದನ್ನೇ ವಿಷಯವಾಗಿಸಿಕೊಂಡು, ಸಾವಿರಕ್ಕೂ ಮಿಕ್ಕ ಶ್ಲೋಕಗಳಲ್ಲಿ ಅದನ್ನು ವಿಸ್ತರಿಸಿದರು.

ಇಂದು ಶಾಲೆಗಳಲ್ಲಿ ಕಲಿಸುವ ರೇಖಾತ್ಮಕ ಸಮೀಕರಣಗಳನ್ನು ಅವರು ಅಕ್ಷರಸಂಕೇತಗಳ ನೆರವಿಲ್ಲದೆಯೇ ಬಿಡಿಸಿದರು. ಅವರ ಒಂದು ಸಮಸ್ಯೆಯ ಸಾರ ಹೀಗಿದೆ: ೯ ಮಾದಲ ಹಣ್ಣುಗಳಿಗೂ ೭ ಬೇಲದ ಹಣ್ಣುಗಳಿಗೂ ಒಟ್ಟು ಬೆಲೆ ೧೦೭, ೭ ಮಾದಲಕ್ಕೂ ೯ ಬೇಲಕ್ಕೂ ಒಟ್ಟು ಬೆಲೆ ೧೦೧. ಒಂದೊಂದು ಹಣ್ಣಿನ ಬೆಲೆಯೆಷ್ಟು? ದೊಡ್ಡ ಮೊತ್ತವನ್ನು ದೊಡ್ಡ ಸಂಖ್ಯೆಯಿಂದಲೂ ಚಿಕ್ಕ ಮೊತ್ತವನ್ನು ಚಿಕ್ಕ ಸಂಖ್ಯೆಯಿಂದಲೂ ಗುಣಿಸಿ, ಒಂದರಿಂದೊಂದನ್ನು ಕಳೆದು, ಆ ಸಂಖ್ಯೆಗಳ ವರ್ಗಗಳ ಅಂತರದಿಂದ ಭಾಗಿಸಬೇಕೆಂಬುದು ಅವರ ಸೂತ್ರದ ತಾತ್ಪರ್ಯ. ಇದರ ಮರ್ಮ ಸರಳವಾದುದು. ಮೊದಲ ಕೊಳ್ಳುವಿಕೆಯನ್ನು ೯ರಿಂದ ಗುಣಿಸಿದರೆ ೮೧ ಮಾದಲ, ೬೩ ಬೇಲ, ಬೆಲೆ ೯೬೩. ಎರಡನೆಯದನ್ನು ೭ರಿಂದ ಗುಣಿಸಿದರೆ ೪೯ ಮಾದಲ, ೬೩ ಬೇಲ, ಬೆಲೆ ೭೦೭. ಕಳೆದಾಗ ಬೇಲವು ಸಂಪೂರ್ಣವಾಗಿ ಮರೆಯಾಗಿ, ೩೨ ಮಾದಲಕ್ಕೆ ೨೫೬ ಉಳಿಯುತ್ತದೆ. ಆದುದರಿಂದ ಮಾದಲದ ಬೆಲೆ ೮. ೯ ಮಾದಲಗಳ ೭೨ನ್ನು ೧೦೭ರಿಂದ ಕಳೆದರೆ ೭ ಬೇಲಕ್ಕೆ ೩೫, ಒಂದಕ್ಕೆ ೫. ಎರಡು ಅಜ್ಞಾತಗಳಲ್ಲಿ ಒಂದನ್ನು ಸರಿದೂಗಿಸಿ ನಿವಾರಿಸಿದರೆ ಇನ್ನೊಂದು ತಾನಾಗಿ ಬೆಳಕಿಗೆ ಬರುತ್ತದೆ.

ಆಚಾರ್ಯರ ಗಣಿತವು ವಿದ್ವಾಂಸರ ಗೋಷ್ಠಿಗಷ್ಟೇ ಮೀಸಲಾಗಿರಲಿಲ್ಲ. ಬಡ್ಡಿ, ಪಾಲುಗಾರಿಕೆ, ಚಿನ್ನದ ಬಣ್ಣ, ನೆಲ ಅಗೆಯುವುದು, ಇಟ್ಟಿಗೆಯ ಕಟ್ಟಡ ಇವೆಲ್ಲ ಅದರ ವಿಷಯಗಳು. ನಾಡಿನಲ್ಲಿ ಅಂತಹ ಲೆಕ್ಕದ ಅಗತ್ಯ ಎಷ್ಟಿತ್ತೆಂಬುದಕ್ಕೆ ಮುಳಬಾಗಿಲು ತಾಲ್ಲೂಕಿನ ಆವನಿಯೇ ಸಾಕ್ಷಿ. ಆಚಾರ್ಯರ ಕಾಲದಿಂದ ಸುಮಾರು ನೂರು ವರ್ಷಗಳ ತರುವಾಯ, ೧೦ನೆಯ ಶತಮಾನದಲ್ಲಿ, ಅಲ್ಲಿ ಸ್ಥಾನಾಧಿಪತಿಗಳಾಗಿದ್ದ ಶೈವ ಯತಿ ತ್ರಿಭುವನಕರ್ತರು ತಮ್ಮ ೪೦ ವರ್ಷಗಳ ಅವಧಿಯಲ್ಲಿ ೫೦ ದೇವಾಲಯಗಳನ್ನೂ ಎರಡು ಹಿರಿಯ ಕೆರೆಗಳನ್ನೂ ಕಟ್ಟಿಸಿದರೆಂದು ಶಾಸನವು ಸಾರುತ್ತದೆ. ಅಗೆದ ಮಣ್ಣಿನ ಅಳತೆ, ಏರಿಯ ಉದ್ದಗಲ, ಆಳುಗಳ ಕೂಲಿ ಇವುಗಳ ಲೆಕ್ಕವಿಲ್ಲದೆ ಕೆರೆಯಲ್ಲಿ ನೀರು ನಿಲ್ಲಲಾರದು. ಧರ್ಮಕಾರ್ಯಕ್ಕೂ ಲೆಕ್ಕದ ಶುದ್ಧಿ ಬೇಕು.

ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅವರು ಸ್ಪಷ್ಟವಾಗಿ ಗುರುತಿಸಿದರು. ಆದರೆ ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಮೊದಲಿನಂತೆಯೇ ಉಳಿಯುವುದೆಂಬ ಅವರ ಮಾತು ಸರಿಯಾದುದಲ್ಲ. ಹಿರಿಯರನ್ನು ಗೌರವಿಸುತ್ತಲೇ ಅವರ ಮಾತನ್ನು ಪರೀಕ್ಷಿಸಿ ನೋಡುವ ಸ್ವಾತಂತ್ರ್ಯವನ್ನು ಗಣಿತವು ಎಳೆಯ ವಿದ್ಯಾರ್ಥಿಗೂ ಕೊಡುತ್ತದೆ.

೧೧ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ೧೨ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ಬರೆದನು. ೧೯೧೨ರಲ್ಲಿ ಎಂ. ರಂಗಾಚಾರ್ಯರು ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದ ಮೇಲೆ ಅದು ಜಗತ್ತಿನ ವಿದ್ವಾಂಸರ ಗಮನಕ್ಕೆ ಬಂದಿತು. ೨೦೦೦ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದವು ಹೊಂಬುಜದಿಂದ ಹೊರಬಂದಿತು.

ಬೀಜಗಣಿತವು ಪರದೇಶದಿಂದ ಬಂದ ಒಗಟೆಂದು ಅಂಜುವ ವಿದ್ಯಾರ್ಥಿಗಳು ಮಾದಲ ಬೇಲಗಳ ಈ ಲೆಕ್ಕವನ್ನು ಒಮ್ಮೆ ತಾವೇ ಮಾಡಿ ನೋಡಲಿ. ತಿಳಿದುದರ ಬಲದಿಂದ ತಿಳಿಯದುದನ್ನು ಅರಸುವ ಈ ವಿದ್ಯೆ ಸಾವಿರ ವರ್ಷಗಳ ಹಿಂದೆಯೇ ಈ ನೆಲದಲ್ಲಿ ಬೇರೂರಿದ್ದಿತು. ಅದನ್ನು ಬಾಡದಂತೆ ಬೆಳೆಸುವ ಹೊಣೆ ಇಂದಿನ ಮಕ್ಕಳದು.